ಹೆಬ್ಬೆರಳು ಮೇಲೆ

ವಿಜಯದಶಮಿ, ಶನಿವಾರ, ಬೆಳಿಗ್ಗೆ ಆರೂವರೆ. ಅಮೆರಿಕದ ವಿಕ್ಸಮ್‌ನ ಮನೆಯ ಗ್ಯಾರೇಜಿನಲ್ಲಿ ಇದ್ದವರು ನಾನು, ನನ್ನ ಮಗಳು ಮತ್ತು ಅಳಿಯ. ಹೊರಗೆ ಇಲ್ಲಿನ ಲೆಕ್ಕದ ನಲವತ್ತು ಡಿಗ್ರಿ, ನಮ್ಮ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿಯ ಚಳಿ. ಹಿಂದಿನ ದಿನ ಆಯುಧಪೂಜೆ ಮಾಡಿ ಇಟ್ಟ ಸಾಮಾನುಗಳನ್ನು ಎತ್ತುವ ಹೊತ್ತು. ಪೂಜೆಗೆ ಇಟ್ಟ ಆಯುಧವನ್ನು ಅಂದು ಮುಟ್ಟಬಾರದು. ದಶಮಿಯ ಬೆಳಿಗ್ಗೆ ಆರತಿ ಮಾಡಿ ಎತ್ತಬೇಕು. ಎತ್ತಿದ ಮೇಲೆ ಅಂದೇ ಅದರಿಂದ ಒಂದಿಷ್ಟಾದರೂ ಕೆಲಸ ಮಾಡಬೇಕು. ಇದು ನನ್ನ ತವರಿನ ಕ್ರಮ. ನಾನಿರುವ ಮನೆಯಲ್ಲಿ ಅದು ತಪ್ಪುವುದಿಲ್ಲ.

ಅಳಿಯನ ಡ್ರಿಲ್ಲು, ಲ್ಯಾಪ್‌ಟಾಪು, ಮಗಳು ಹಲ್ಲು ಕೀಳುವ ಇಕ್ಕಳ, ಆಸ್ಪತ್ರೆಯ ಕಾಲದಿಂದ ನನ್ನ ಜೊತೆಗಿರುವ ಕತ್ತರಿ, ಎಲ್ಲವೂ ಒಂದು ಮೇಜಿನ ಮೇಲಿದ್ದವು. ನಡುವೆ ಸ್ಟ್ಯಾಂಡಿನ ಮೇಲೆ ಕುದುರೆಯ ಜೀನು, ಅದರ ಪಕ್ಕಕ್ಕೆ ಹಗ್ಗ. ಜೀನು ಹೊಸದರಂತೆ ಹೊಳೆಯುತ್ತಿತ್ತು. ಅದರ ಮುಂಭಾಗದಲ್ಲಿ ಮುಷ್ಟಿಯ ಹಾಗೆ ಎದ್ದುನಿಂತ ಗೂಟಕ್ಕೆ ಕಪ್ಪು ರಬ್ಬರಿನ ಪಟ್ಟಿ ಸುತ್ತಿದೆ. ಆ ರಬ್ಬರಿನ ಮೇಲೆ ದಪ್ಪಗೆ ಕುಂಕುಮದ ಬೊಟ್ಟು. ಅದನ್ನು ಪೂಜೆಗೆ ಇಟ್ಟವನು ಅಳಿಯ. ನನಗೆ ಆಶ್ಚರ್ಯವಾಗಿತ್ತು. ಆ ಜೀನನ್ನು ಕಂಡರೆ ಅವನಿಗೆ ಆಗುವುದಿಲ್ಲ.

ಮಗಳು ಒಂದು ಬಟ್ಟೆಯಿಂದ ಬೊಟ್ಟು ಒರೆಸಿದಳು.

"ಏಯ್, ಇರಲಿ ಬಿಡೇ," ಅಂದ ಅಳಿಯ.

"ಕುದುರಿ ನೋಡಿ ನಗತೈತಿ," ಅಂದು ಅವಳು ಜೀನನ್ನು ಹೊತ್ತು ಕಾರಿನ ಹಿಂದೆ ಹಾಕಿದಳು.

ಅಂದು ಟೀಮ್ ರೋಪಿಂಗ್ ಪಂದ್ಯ. ಇಬ್ಬರು ಸವಾರರು ಕುದುರೆ ಓಡಿಸುತ್ತ ಒಂದು ಹೋರಿಯನ್ನು ಹಗ್ಗದಿಂದ ಹಿಡಿಯುವ ಆಟ. ಕೊಂಬಿಗೆ ಕುಣಿಕೆ ಹಾಕುವವರು ಹೆಡರ್. ಹಿಂದಿನಿಂದ ಬಂದು ಹಿಂಗಾಲುಗಳಿಗೆ ಹಾಕುವವರು ಹೀಲರ್. ನನ್ನ ಮಗಳು ಹೆಡರ್. ಕುಣಿಕೆ ಬಿದ್ದ ಕೂಡಲೆ ಕೈಯಲ್ಲಿ ಉಳಿದ ಹಗ್ಗವನ್ನು ಜೀನಿನ ಗೂಟಕ್ಕೆ ಸುತ್ತಬೇಕು. ಹಾಗೆ ಸುತ್ತುವುದಕ್ಕೆ ಡ್ಯಾಲಿ ಅನ್ನುತ್ತಾರೆ. ಒಂದು ತುದಿಯಲ್ಲಿ ಓಡುವ ಹೋರಿ, ಇನ್ನೊಂದು ಕಡೆ ಕುದುರೆ, ನಡುವೆ ಆ ಗೂಟ. ಸುತ್ತುವಾಗ ಬಲಗೈಯ ಹೆಬ್ಬೆರಳು ಆಕಾಶ ನೋಡುತ್ತಿರಬೇಕು. ಕೆಳಗೆ ಹೋದರೆ ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಗುತ್ತದೆ. ಸಿಕ್ಕ ಬೆರಳು ಉಳಿಯುವುದು ಅಪರೂಪ.

ಬೇಸಿಗೆಯಲ್ಲಿ ಒಂದು ಪಂದ್ಯದ ಬಳಿ ಕಾಫಿ ಕೊಡುತ್ತಿದ್ದ ಮುದುಕನೊಬ್ಬ ಲೋಟವನ್ನು ನಾಲ್ಕೇ ಬೆರಳಲ್ಲಿ ಹಿಡಿದಿದ್ದ. ಅಳಿಯ ನೋಡುತ್ತಿರುವುದು ಕಂಡು ಆತ ಕೈ ಎತ್ತಿ ನಗುತ್ತ, "ಡ್ಯಾಲಿ," ಅಂದ. ಅಂದಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ. ಮಗಳು ದಂತವೈದ್ಯೆ. ಅವಳ ವಿದ್ಯೆಯೆಲ್ಲ ಬಲಗೈಯ ಎರಡು ಬೆರಳು ಕೂಡುವ ಜಾಗದಲ್ಲಿದೆ.

ಜಗಳ ಶ್ರಾವಣ ಮುಗಿಯುವ ತನಕ ನಡೆಯಿತು. ಕೊನೆಗೆ ಮಗಳೇ ಒಂದು ಮಾತು ಇಟ್ಟಳು.

"ಅವ್ವ ನೋಡ್ಲಿ. ಪ್ರತಿ ಸಲ ಬಂದು ಕಟಕಟಿ ಹತ್ರ ನಿಂತು ನೋಡ್ಲಿ. ಒಂದ ಸಲ ಹೆಬ್ಬಟ್ಟು ಕೆಳಗ ಹೋತು ಅಂತ ಅವ್ವ ಅಂದ್ರ, ಕುದುರಿ ಇಳಿತೀನಿ. ಮತ್ತ ಹತ್ತೂದಿಲ್ಲ."

"ಅತ್ತೆ ಹೇಳಿದ್ರೆ ಬಿಡ್ತೀಯಾ? ನಿಜವಾಗ್ಲೂ?"

"ಅವ್ವ ಕಂಡದ್ದ ಹೇಳ್ತಾಳ. ಕಾಣದ್ದ ಹೇಳೂದಿಲ್ಲ."

ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಊರಿನ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಟ್ಟೆಯ ತುಂಬ ಬರೀ ಹೊಳೆಯುವ ಕಬ್ಬಿಣ ಕಾಣುತ್ತಿತ್ತು. ಒಂದೊಂದರ ಹೆಸರು ಬಾಯಿಗೆ ಬಂದ ಮೇಲೆಯೇ ಒಂದೊಂದು ಬೇರೆಯಾಗಿ ಕಂಡಿತು. ಹೆಸರು ಗೊತ್ತಿಲ್ಲದ್ದನ್ನು ಕಣ್ಣು ಹಿಡಿಯುವುದಿಲ್ಲ. ಹಾಗಾಗಿ ಈ ಆಟದ ಮಾತುಗಳನ್ನೂ ಮೊದಲಿನಿಂದ ಕಲಿತೆ. ನಾನು ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

"ಲೆಗ್ ಅಂದ್ರ?"

"ಎರಡು ಹಿಂಗಾಲು ಸಿಗೂ ಬದ್ಲಿ ಒಂದ ಸಿಕ್ಕದ್ದು. ಐದು ಸೆಕೆಂಡು ದಂಡ."

"ಕ್ರಾಸ್‌ಫೈರ್?"

"ಹೆಡರ್ ಹೋರಿ ಮಾರಿ ತಿರುಗಿಸೂಕ್ಕಿಂತ ಮೊದಲ ಹೀಲರ್ ಹಗ್ಗ ಒಗದ್ರ. ಪೂರಾ ಔಟು."

"ನೀನ ಕುದುರಿ ಹತ್ತಿ ಬಿಡವ್ವ."

"ರೊಟ್ಟಿ ಹೊತ್ತತಾವ, ಸರಿ ಆಕಡೆ."

ನನ್ನ ಮನಸ್ಸನ್ನೂ ಇಲ್ಲಿ ಬರೆದುಬಿಡುತ್ತೇನೆ. ಅವಳು ಈ ಆಟ ಬಿಡಲಿ ಅಂತಲೇ ನನಗೂ ಇತ್ತು. ಅಳಿಯನಿಗೆ ಇದು ಗೊತ್ತಿತ್ತು.

ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಒಂದು ತಾಸಿನ ದಾರಿ. ಎಕ್ಸಿಟ್ ತೆಗೆದುಕೊಂಡ ಮೇಲೆ ಎರಡೂ ಕಡೆ ಒಣಗಿದ ಮೆಕ್ಕೆಜೋಳ. ಮಗಳು ಡ್ರೈವ್ ಮಾಡುತ್ತಿದ್ದಳು. ಪೆಟ್ರೋಲಿಗೆ ಅಂತ ನಿಲ್ಲಿಸಿ ಅವಳು ಇಳಿದಾಗ ಹಿಂದೆ ಕುಳಿತಿದ್ದ ಅಳಿಯ ಮುಂದಕ್ಕೆ ಬಾಗಿದ.

"ಅತ್ತೆ, ಒಂದೇ ಒಂದು ಸಲ ಸಾಕು. ಸ್ವಲ್ಪ ವಾಲಿದ್ರೂ ಅದು ಕೆಳಗೇ ತಾನೇ?"

ನಾನು ಕನ್ನಡಕ ಒರೆಸುತ್ತಿದ್ದೆ. "ಕಂಡದ್ದ ಹೇಳ್ತೀನ್ರಿ," ಅಂದೆ.

ಪಂದ್ಯದ ಜಾಗ ದೊಡ್ಡ ತಗಡಿನ ಛಾವಣಿಯ ಕೆಳಗೆ. ಒಳಗೆ ನೆಲದ ತುಂಬ ಹದವಾದ ಮರಳು. ಮಗಳ ಹೀಲರ್ ಆಗಲೇ ಕುದುರೆಗಳನ್ನು ಟ್ರೇಲರಿನಿಂದ ಇಳಿಸಿ ಕಾಯುತ್ತಿದ್ದಳು. ಆಕೆ ಅದೇ ಕಡೆಯ ಅಮೆರಿಕನ್ ಹೆಂಗಸು, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಮಗಳ ಕುದುರೆಯೂ ಆಕೆಯ ಕೊಟ್ಟಿಗೆಯಲ್ಲೇ ಇರುತ್ತದೆ. ನನ್ನನ್ನು ಕಂಡರೆ ಹಣೆಗೆ ಕೈ ಇಟ್ಟು ಸೆಲ್ಯೂಟ್ ಹೊಡೆಯುತ್ತಾಳೆ.

"ಮಾರ್ನಿಂಗ್, ಸಾರ್ಜೆಂಟ್! ಹೆಬಟ್ ಮಾಲಾ!"

"ಹೆಬ್ಬಟ್ಟು ಮ್ಯಾಲ," ಅಂತ ತಿದ್ದಿದೆ. ಹಗ್ಗ ಸುತ್ತುವಾಗ ಮಗಳು ಬಾಯಲ್ಲಿ ಹೇಳಿಕೊಳ್ಳುವ ಮಾತು ಅದು. ಡಾಕ್ಟರು ಕೇಳಿದ ಉಪಕರಣದ ಹೆಸರನ್ನು ತಿರುಗಿ ಹೇಳುತ್ತಲೇ ಅವರ ಕೈಗೆ ಇಡುವುದು ನಮ್ಮ ಥಿಯೇಟರಿನ ಕ್ರಮ. ಹೇಳುವ ಬಾಯಿ ಮಾಡುವ ಕೈಯನ್ನು ಕಾಯುತ್ತದೆ. ಹಾಗೆಯೇ ಹೇಳಿ ಮಾಡು ಅಂತ ಮಗಳಿಗೆ ಕಲಿಸಿದ್ದೆ. ಬಸ್ಸಿನಾಕೆ ಅದನ್ನು ಅವಳ ಬಾಯಿಂದ ಕಲಿತಳು.

ಮಗಳ ಬಲಗೈಯ ಹತ್ತಿ ಗವಸಿಗೆ ಪೌಡರ್ ಹಾಕುವುದು ನನ್ನ ಪಾಲಿನ ಕೆಲಸ. ಹಗ್ಗ ಗವಸಿಗೆ ಕಚ್ಚಬಾರದು ಅಂತ ಇಲ್ಲಿನವರೆಲ್ಲ ಮಕ್ಕಳ ಪೌಡರ್ ಹಾಕುತ್ತಾರೆ. ಒಂದು ಚಿಟಿಕೆ ಅಂಗೈಗೆ, ಆಮೇಲೆ ಒಂದು ಕೊಡವು. ಗವಸು ತೊಡಿಸಿ ಕಟಕಟೆಯ ಬಳಿ ನಿಂತೆ. ಅಳಿಯ ನನ್ನ ಎಡಕ್ಕೆ ನಿಂತ.

ಅಂದು ಪ್ರತಿ ಜೋಡಿಗೆ ಎರಡು ಹೋರಿ, ಎರಡರ ಸಮಯ ಕೂಡಿಸಿ ಕಡಿಮೆ ಬಂದವರದು ಗೆಲುವು. ಹೋರಿಯನ್ನು ನಿಲ್ಲಿಸುವ ಕಬ್ಬಿಣದ ಪಂಜರಕ್ಕೆ ಶೂಟ್ ಅನ್ನುತ್ತಾರೆ. ಅದರ ಎಡಕ್ಕೂ ಬಲಕ್ಕೂ ಸವಾರರು ನಿಲ್ಲುವ ಬಾಕ್ಸ್. ಹೋರಿಗಳೆಲ್ಲ ಬೀಜ ಒಡೆಸಿದ ಎಳೆಯವು. ಕೊಂಬಿನ ಬುಡಕ್ಕೆ, ಕಿವಿಗೆ ಪೆಟ್ಟಾಗದಂತೆ ದಪ್ಪ ಪಟ್ಟಿ ಕಟ್ಟಿರುತ್ತಾರೆ. ದೂರದಿಂದ ನೋಡಿದರೆ ಕಾರಹುಣ್ಣಿಮೆಗೆ ಸಿಂಗಾರ ಮಾಡಿದ ಎತ್ತಿನಂತೆ ಕಾಣುತ್ತವೆ. ಹೋರಿ ಒಂದಿಷ್ಟು ಮುಂದೆ ಓಡಿದ ಮೇಲೆಯೇ ಹೆಡರ್ ಹೊರಡಬೇಕು. ಅದಕ್ಕೂ ಮೊದಲು ಹೊರಟರೆ ಬಾಕ್ಸಿನ ಮುಂದೆ ಕಟ್ಟಿದ ದಾರ ಹರಿಯುತ್ತದೆ. ಬ್ಯಾರಿಯರ್ ಮುರಿಯಿತು ಅಂತ ಅದಕ್ಕೂ ದಂಡ.

ಮಗಳು ತಲೆ ಆಡಿಸಿದಳು. ಗೇಟು ತೆರೆಯಿತು.

ದಾರ ಹರಿಯಲಿಲ್ಲ. ನಾನು ಹೋರಿಯನ್ನು ನೋಡಲಿಲ್ಲ, ಕುದುರೆಯನ್ನು ನೋಡಲಿಲ್ಲ. ಬಿಳಿ ಗವಸೊಂದನ್ನೇ ಹಿಡಿದು ನೋಡಿದೆ. ಗವಸು ತಲೆಯ ಮೇಲೆ ತಿರುಗಿತು, ಮುಂದಕ್ಕೆ ಹೋಯಿತು, ಹಗ್ಗ ಬಿಗಿದಾಗ ಎದೆಯ ಮಟ್ಟಕ್ಕೆ ಬಂತು, ಗೂಟದ ಬಳಿ ಇಳಿಯಿತು. ತುಟಿ ಅಲ್ಲಾಡಿದ್ದು ಕಂಡಿತು. ಹೆಬ್ಬೆರಳು ನೆಟ್ಟಗೆ. ಕುದುರೆ ಎಡಕ್ಕೆ ತಿರುಗಿತು, ಹೋರಿಯೂ ತಿರುಗಿತು, ಬಸ್ಸಿನಾಕೆಯ ಕುಣಿಕೆ ಎರಡು ಕಾಲನ್ನೂ ಹಿಡಿಯಿತು. ಎರಡು ಕುದುರೆಗಳೂ ಹೋರಿಗೆ ಮುಖಮಾಡಿ ನಿಂತು ಹಗ್ಗ ಬಿಗಿಯಾದಾಗ, ಸಮಯ ನಿಲ್ಲಿಸಲು ಸನ್ನೆ ಕೊಡುವ ಬಾವುಟದವನು ಬಾವುಟ ಇಳಿಸಿದ. ಹೋರಿ ಹಗ್ಗ ಬಿಚ್ಚಿಸಿಕೊಂಡು ಬೇಸರದಿಂದ ನಡೆದು ಹೋಯಿತು.

ಸಮಯ ಚೆನ್ನಾಗಿ ಬಂದಿತ್ತು. ಅಳಿಯ ನನ್ನ ಕಡೆ ನೋಡಿದ.

"ಮ್ಯಾಲ ಇತ್ರಿ," ಅಂದೆ.

"ಹ್ಞೂಂ," ಅಂದ. ಕಟಕಟೆಯ ಕಂಬಿಯನ್ನು ಹಿಡಿದ ಅವನ ಬೆರಳು ಸಡಿಲವಾಗಲಿಲ್ಲ.

ಮಗಳು ಕುದುರೆಯನ್ನು ನನ್ನ ಹತ್ತಿರ ತಂದಳು. "ಪೌಡರ್ ಭಾಳ ಹಾಕಿ ಏನವ್ವಾ? ಹಗ್ಗ ಗೂಟದ ಮ್ಯಾಲ ಸ್ವಲ್ಪ ಜಾರಿಧಂಗ ಆತು."

"ಯಾವಾಗ್ಲೂ ಹಾಕಿದಷ್ಟ ಹಾಕೇನಿ."

ಆದರೂ ಗವಸು ಬಿಚ್ಚಿಸಿ, ಕಂಬಿಗೆ ಬಡಿದು, ಮತ್ತೆ ತೊಡಿಸಿದೆ. ಹೋರಿ ಸಣ್ಣದಿತ್ತು, ಎಳೆತ ಕಡಿಮೆ ಇತ್ತು, ಜಾರಿದ್ದು ಅಷ್ಟಕ್ಕೇ ನಿಂತಿತು. ಆಗ ನಾನು ಅಷ್ಟೇ ತಿಳಿದೆ.

ಮಧ್ಯಾಹ್ನದ ತನಕ ಮಗಳ ಜೋಡಿಯೇ ಮುಂದಿತ್ತು. ಡಬ್ಬಿಯ ಚಿತ್ರಾನ್ನವನ್ನು ಯಾರೂ ಸರಿಯಾಗಿ ತಿನ್ನಲಿಲ್ಲ. ಬಸ್ಸಿನಾಕೆ ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಎರಡನೆಯ ಹೋರಿ ಶೂಟಿಗೆ ಬಂದಾಗ ಕಬ್ಬಿಣ ಸದ್ದು ಮಾಡಿತು. ಕಂದು ಬಣ್ಣದ್ದು, ಹೆಗಲು ಎತ್ತರದ್ದು. ಅದು ಪಂಜರದ ಗೋಡೆಯನ್ನು ಒದೆಯುತ್ತಿತ್ತು. ಬಸ್ಸಿನಾಕೆ ತನ್ನ ಬಾಕ್ಸಿನಿಂದ ಏನೋ ಕೂಗಿದಳು. ಮಗಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಎಡಗೈಯಲ್ಲಿದ್ದ ಹಗ್ಗದ ಸುರುಳಿಯನ್ನು ಒಮ್ಮೆ ಸರಿಮಾಡಿಕೊಂಡಳು. ತಲೆ ಆಡಿಸಿದಳು.

ಕುಣಿಕೆ ಎರಡೂ ಕೊಂಬಿಗೆ ಸರಿಯಾಗಿ ಬಿತ್ತು. ಗವಸು ಗೂಟಕ್ಕೆ ಬಂತು. ಒಂದು ಸುತ್ತು. ಹೆಬ್ಬೆರಳು ಮೇಲೆ. ಕುದುರೆ ಎಡಕ್ಕೆ ತಿರುಗುವಾಗ ಹೋರಿ ತನ್ನ ಭಾರವನ್ನೆಲ್ಲ ಹಗ್ಗದ ಮೇಲೆ ಹಾಕಿತು. ಆಗ ಹಗ್ಗ ನಿಲ್ಲಲೇ ಇಲ್ಲ. ಎಣ್ಣೆ ಬಿಟ್ಟ ರಾಟೆಯ ಮೇಲೆ ಬಾವಿಯ ಹಗ್ಗ ಓಡುವಂತೆ ಗೂಟದ ಸುತ್ತ ಸರಸರ ಓಡಿತು. ಗವಸು ಅದರ ಜೊತೆಗೆ ಗೂಟದ ಕಡೆಗೆ ಎಳೆದುಕೊಂಡು ಹೋಯಿತು.

"ಡ್ಯಾಲಿ! ಡ್ಯಾಲಿ!" ಅಂತ ಸುತ್ತ ನಿಂತವರು ಕೂಗಿದರು. ಇನ್ನೊಂದು ಸುತ್ತು ಹಾಕು, ಬಿಗಿ, ಗೆದ್ದೆ ಅಂತ ಅದರ ಅರ್ಥ. ಇನ್ನೊಂದು ಸುತ್ತಿಗೆ ಕೈ ಹೊರಳಿತು. ಹೆಬ್ಬೆರಳು ನೆಟ್ಟಗೆ ಇದ್ದದ್ದು ಓರೆಯಾಯಿತು. ಅಳಿಯ ನನ್ನ ತೋಳು ಹಿಡಿದ.

ಗವಸಿನ ಮುಷ್ಟಿ ಬಿಚ್ಚಿಕೊಂಡಿತು. ಐದೂ ಬೆರಳು ಬೇರೆ ಬೇರೆಯಾಗಿ ಕಂಡವು. ಅದರ ಹಿಂದೆಯೇ ಎಡಗೈಯೂ ತೆರೆಯಿತು. ಸುರುಳಿಯೆಲ್ಲ ಮರಳಿನ ಮೇಲೆ ಬಿದ್ದು, ಹೋರಿಯ ಹಿಂದೆ ಹಾವಿನಂತೆ ಹೋಯಿತು. ಬಸ್ಸಿನಾಕೆಯ ಕುಣಿಕೆ ತಲೆಯ ಮೇಲೆ ಸುಮ್ಮನೆ ತಿರುಗುತ್ತಿತ್ತು. ಬಾವುಟದವನು ಬಾವುಟವನ್ನು ಅಡ್ಡಕ್ಕೆ ಆಡಿಸಿದ. ನೋ ಟೈಮ್. ಅಂದರೆ ಲೆಕ್ಕಕ್ಕಿಲ್ಲ, ಪಂದ್ಯ ಹೋಯಿತು.

"ಅತ್ತೆ," ಅಂದ ಅಳಿಯ. "ಹೋಯ್ತು ಅಲ್ವಾ? ಕೆಳಗೆ ಹೋಯ್ತು. ನೀವು ನೋಡಿದ್ರಿ."

"ಮೊದಲ ಕೈ ನೋಡೋಣ ಬರ್ರಿ."

ಮಗಳು ಟ್ರೇಲರಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಗವಸನ್ನು ನಿಧಾನವಾಗಿ ಬಿಚ್ಚಿದೆ. ಅಂಗೈಗೆ ಅಡ್ಡವಾಗಿ ಹಗ್ಗ ಉಜ್ಜಿದ ಬರೆ ಕೆಂಪಗೆ ಎದ್ದಿತ್ತು. ಹೆಬ್ಬೆರಳನ್ನು ಗಂಟುಗಂಟಿಗೂ ಮಡಚಿಸಿದೆ, ಉಗುರು ಒತ್ತಿ ಬಣ್ಣ ಮರಳುವುದನ್ನು ನೋಡಿದೆ. ಎಲ್ಲ ಸರಿಯಿತ್ತು. ಗಾಯ ನೋಡಿದ ಮೇಲೆ ಗಾಯದಿಂದ ಬಿಚ್ಚಿದ ಬಟ್ಟೆಯನ್ನೂ ನೋಡಬೇಕು. ಹಗ್ಗ ಹೊಲಿಗೆಗೆ ತಾಗಿದ ಕಡೆ ಗವಸು ಕೆಂಪಗಿತ್ತು. ರಕ್ತವಲ್ಲ. ಮೂಗಿನ ಹತ್ತಿರ ಹಿಡಿದೆ. ಕುದುರೆಯ ಬೆವರು, ಪೌಡರ್, ಅದರ ಕೆಳಗೆ ಕೊಬ್ಬರಿ ಎಣ್ಣೆ.

ಎದ್ದು ಕುದುರೆಯ ಬಳಿ ಹೋಗಿ ಗೂಟದ ರಬ್ಬರಿನ ಸಂದಿಗೆ ಬೆರಳು ತೂರಿಸಿದೆ. ಬೆರಳು ಕೆಂಪಾಗಿ, ಜಿಡ್ಡಾಗಿ ಬಂತು. ಮೇಲಿನ ಬೊಟ್ಟನ್ನು ಮಗಳು ಒರೆಸಿದ್ದಳು. ಒಳಗಿನ ಸುತ್ತುಗಳಿಗೆ ಇಳಿದದ್ದು ಹಾಗೇ ಇತ್ತು. ಮೊದಲ ಹೋರಿಯ ಎಳೆತಕ್ಕೆ ರಬ್ಬರು ಕಾದು, ಅದೆಲ್ಲ ಹೊರಗೆ ಬಂದಿತ್ತು. ನಾನು ಬೆರಳನ್ನು ಅಳಿಯನ ಮುಂದೆ ಹಿಡಿದೆ. ಬಯ್ಯಲಿಲ್ಲ.

ಅವನು ಬೆರಳನ್ನು ನೋಡಿದ, ಗೂಟವನ್ನು ನೋಡಿದ.

"ರಬ್ಬರ್ ಮೇಲೆ ಕುಂಕುಮ ನಿಲ್ತಾ ಇರ್ಲಿಲ್ಲ ಅತ್ತೆ. ಎಣ್ಣೇಲಿ ಕಲಸಿ ಹಚ್ಚಿದೆ. ಆಮೇಲೆ ಹೊಳೀಲಿ ಅಂತ ಇಡೀ ಜೀನಿಗೂ ಎಣ್ಣೆ ಹಚ್ಚಿ ತಿಕ್ಕಿದೆ, ಗೂಟನೂ ಸೇರಿಸಿ." ಅವಳ ಅಂಗೈಯ ಬರೆ ನೋಡಿದ. "ಕೈಗೆ ಏನೂ ಆಗ್ದೇ ಇರ್ಲಿ ಅಂತ ಬೇಡ್ಕೊಂಡು ಹಚ್ಚಿದ್ದು."

ಮಗಳು ಅವನನ್ನೇ ನೋಡುತ್ತಿದ್ದಳು. "ಅದಕ್ಕ ಪೂಜಾ ಮಾಡಿದ್ರೇನು? ನೀವು?"

"ಮತ್ತಿನ್ಯಾತಕ್ಕೆ ಕಣೇ?"

ಬಸ್ಸಿನಾಕೆಗೆ ವಿಷಯ ಏನು ಅಂತ ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಟೋಪಿ ತೆಗೆದು ತಲೆ ಕೆರೆದುಕೊಂಡಳು. ಗೂಟದ ರಬ್ಬರು ಹಳೆಯದಾಗಿ ಜಾರಿದ್ದು ನೋಡಿದ್ದೇನೆ, ಮಳೆಯಲ್ಲಿ ನೆನೆದು ಜಾರಿದ್ದು ನೋಡಿದ್ದೇನೆ, ದೇವರ ಹೆಸರಲ್ಲಿ ಎಣ್ಣೆ ಹಚ್ಚಿಸಿಕೊಂಡು ಜಾರಿದ್ದನ್ನು ಇವತ್ತೇ ನೋಡಿದ್ದು ಅಂದಳು. ಅಳಿಯ ನಗಲಿಲ್ಲ. ಮಗಳು ನಕ್ಕಳು, ನಗು ಅರ್ಧಕ್ಕೇ ನಿಂತಿತು.

"ಅವ್ವಾ, ನೀ ಇನ್ನೂ ಹೇಳಲಿಲ್ಲ."

ಒಂದು ಶಬ್ದ ಸಾಕಿತ್ತು. ಕೆಳಗ ಹೋತು ಅಂದಿದ್ದರೆ ಅವಳು ಅಂದೇ ಜೀನು ಬಿಚ್ಚುತ್ತಿದ್ದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ನಾಲ್ಕು ಬೆರಳಿನ ಮುದುಕನ ಲೋಟ ನನ್ನ ಕಣ್ಣ ಮುಂದೆಯೇ ಇತ್ತು. ಓರೆಯಾದದ್ದನ್ನು ನಾನು ಕಂಡಿದ್ದೆ, ಆದ್ದರಿಂದ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅಳಿಯ ಈಗ ನನ್ನ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಅವನು ಇನ್ನೊಮ್ಮೆ ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಅವನು ಕೇಳಲಿಲ್ಲ.

"ವಾಲಾಕ ಹತ್ತಿತ್ತು," ಅಂದೆ. "ಕೆಳಗ ಹೋಗಲಿಲ್ಲ. ಅಷ್ಟರಾಗ ಬಿಟ್ಟಿ."

ಮಗಳು ಕಣ್ಣು ಮುಚ್ಚಿಕೊಂಡಳು. ಬಸ್ಸಿನಾಕೆಗೆ ಭಾಷೆ ಬೇಕಾಗಲಿಲ್ಲ; ನನ್ನ ಬೆನ್ನಿಗೆ ಜೋರಾಗಿ ಒಂದು ಹೊಡೆದು ಕುದುರೆಗಳ ಕಡೆಗೆ ಹೋದಳು.

"ಎಲ್ರೂ ಸುತ್ತು ಸುತ್ತು ಅಂತ ಕೂಗ್ತಿದ್ರು," ಅಂದ ಅಳಿಯ ಅವಳಿಗೆ. "ನಿನಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರ ಬಾಯಾಗ ಹೆಬ್ಬಟ್ಟು ಮ್ಯಾಲ ಅಂತ ಬರಲಿಲ್ಲ. ಹಗ್ಗ ಓಡೂ ಭರಾಟಿಗೆ ಮಾತ ಬರಲಿಲ್ಲ. ಹೇಳಾಕ ಬರಲಿಲ್ಲ ಅಂದ್ರ ಮಾಡಬಾರದು ಅಂತ ಅವ್ವ ಹೇಳ್ಯಾಳ. ಬಿಟ್ಟೆ."

ಹಿಂದಿರುಗುವಾಗ ಅಳಿಯ ಡ್ರೈವ್ ಮಾಡಿದ. ಅವಳು ಕೈ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ವಿಕ್ಸಮ್ ಎಕ್ಸಿಟ್ ಇಳಿದ ಮೇಲೆ ಅವನು ಹೇಳಿದ, "ಆ ರಬ್ಬರ್ ಎಲ್ಲಾ ಕಿತ್ತು ಹಾಕ್ಬೇಕು. ಒರೆಸಿದ್ರೆ ಹೋಗಲ್ಲ."

"ಹಳೇ ಸೈಕಲ್ ಟ್ಯೂಬ್ ಐತಿ, ಗ್ಯಾರೇಜಿನಾಗ," ಅಂದಳು ಮಗಳು.

"ನಾನು ಸುತ್ತಿ ಕೊಡ್ತೀನಿ."

"ನಿಮಗ ಬರ್ತೈತೇನು?"

"ಹೇಳ್ಕೊಡು. ದಿನಾ ಮೆಷೀನುಗಳ ಜೊತೆನೇ ಬದುಕ್ತಿರೋ ಇಂಜಿನಿಯರ್ ನಾನು."

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮೊದಲು ಮಗಳ ಕೈ ತೊಳೆದು, ಮುಲಾಮು ಹಚ್ಚಿ, ಹೆಬ್ಬೆರಳನ್ನು ಹೊರಗೆ ಬಿಟ್ಟು ಅಂಗೈಗೆ ಪಟ್ಟಿ ಕಟ್ಟಿದೆ. ಪಟ್ಟಿಯನ್ನು ಪೂಜೆಯಾದ ಕತ್ತರಿಯಿಂದಲೇ ಕತ್ತರಿಸಿದೆ. ಆಮೇಲೆ ದೇವರ ಮುಂದೆ ದೀಪ ಹಚ್ಚಿ, ಅಮೆರಿಕದಲ್ಲೇ ಶಾಮ್‌ಬರ್ಗ್‌ನಲ್ಲಿರುವ ನನ್ನ ಮಗ ಕಳಿಸಿದ ಬನ್ನಿಯ ಒಣ ಎಲೆಗಳನ್ನು ತಟ್ಟೆಗೆ ಹಾಕಿದೆ. ಅಳಿಯ ನನ್ನ ಕಾಲಿಗೆ ನಮಸ್ಕಾರ ಮಾಡಿ ಎಲೆ ಕೊಟ್ಟ. ಮಗಳಿಗೂ ಕೊಡಲು ಹೋದ. ಬಲಗೈಯಲ್ಲಿ ಹಿಡಿಯಲು ಬರುವುದಿಲ್ಲ, ಎಡಗೈಯಲ್ಲಿ ಬನ್ನಿ ತೆಗೆದುಕೊಳ್ಳುವ ಹಾಗಿಲ್ಲ. ಅವಳು ಪಟ್ಟಿ ಕಟ್ಟಿದ ಅಂಗೈಯನ್ನೇ ಮುಂದೆ ಚಾಚಿದಳು. ಅವನು ಎಲೆಯನ್ನು ಅದರ ಮೇಲಿಟ್ಟ.

"ಬನ್ನಿ ತಗೊಂಡು ಬಂಗಾರದಂಗ ಇರೋಣ," ಅಂದ. ಮೈಸೂರಿನ ಬಾಯಿಗೆ ಆ ಮಾತು ಇನ್ನೂ ಕೂತಿಲ್ಲ.

"ಇರೂಣು," ಅಂದು ಅವಳು ತಿದ್ದಿದಳು.

ಊಟಕ್ಕೆ ಮುಂಚೆ ಗ್ಯಾರೇಜಿನಲ್ಲಿ ಗೂಟದ ಹಳೆಯ ರಬ್ಬರನ್ನು ಕಿತ್ತೆವು. ಕೆಳಗಿನ ಚರ್ಮವನ್ನು ಸೋಪಿನ ನೀರಲ್ಲಿ ಒರೆಸಿದ್ದು ಅಳಿಯ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದ್ದು ನಾನು. ಟ್ಯೂಬಿನಿಂದ ಉದ್ದಕ್ಕೆ ಪಟ್ಟಿ ಕತ್ತರಿಸಿ ಕೊಟ್ಟೆ. ಮಗಳು ಕುರ್ಚಿಯ ಮೇಲೆ ಕುಳಿತು ಹೇಳುತ್ತ ಹೋದಳು: ಎಳೆದು ಹಿಡಿ, ಒಂದರ ಮೇಲೆ ಒಂದು ಬರಲಿ, ಕೊನೆಯನ್ನು ಒಳಗೆ ತೂರಿಸು. ಅವನು ಪ್ರತಿಯೊಂದನ್ನೂ ತಿರುಗಿ ಹೇಳಿ ಮಾಡಿದ. ಮುಗಿದ ಮೇಲೆ ಹಗ್ಗ ತಂದು ತಾನೇ ಒಂದು ಸುತ್ತು ಹಾಕಿ, ನನ್ನ ಕೈಗೆ ಇನ್ನೊಂದು ತುದಿ ಕೊಟ್ಟು, "ಎಳೀರಿ ಅತ್ತೆ," ಅಂದ. ಎಳೆದೆ. ಜಾರಲಿಲ್ಲ. ಅವನ ಹೆಬ್ಬೆರಳು ಮೇಲಿತ್ತು.

ಕತ್ತರಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಪೆಟ್ಟಿಗೆಗೆ ಹಾಕಿದೆ.